ಅಕ್ಕ ಓದಿದ ಜಪಾನಿ ಸಿನಿಮಾ

ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರದಿಂದ ಅಕ್ಕನ ಕಿವಿ ಹೋಯಿತು, ಮಾತು ಉಳಿಯಿತು. ಈಗ ಅರವತ್ತು ದಾಟಿದ್ದಾಳೆ. ದಾವಣಗೆರೆ ಪಕ್ಕದ ಶಾಮನೂರಿನ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಬಂದವರ ತುಟಿ ನೋಡಿಯೇ ಅವರ ಅವಸರ, ಅಸಮಾಧಾನ ಎಲ್ಲ ತಿಳಿದುಕೊಳ್ಳುತ್ತಾಳೆ. ಅವಳ ತಮ್ಮನಾದ ನಾನು ಇರುವುದು ಹರಿಹರದಲ್ಲಿ. ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿಕೊಂಡಿದ್ದು ಹೋದ ವರ್ಷ ನಿವೃತ್ತನಾದೆ.

ಆಮೇಲೆ ನನಗಾಗಿ ತರಿಸಿಕೊಂಡ ಮೊದಲ ವಸ್ತು ಹಳೆಯ ಜಪಾನಿ ಸಮುರಾಯ್ ಚಿತ್ರವೊಂದರ ಡಿಸ್ಕ್. ಗೀರು, ಕಲೆಗಳನ್ನೆಲ್ಲ ತೆಗೆದು, ಮನೆಯಲ್ಲಿ ನೋಡುವವರಿಗಾಗಿ ಅದನ್ನು ಹೊಸದಾಗಿ ಬಿಡುಗಡೆ ಮಾಡಿದ್ದರು. ನಾನು ಕಾಲೇಜಿನಲ್ಲಿದ್ದಾಗ ದಾವಣಗೆರೆಯಲ್ಲಿ ಸಿನಿಮಾ ಹುಚ್ಚಿನ ಕೆಲವರು ಸೇರಿ ಅದನ್ನು ತೋರಿಸಿದ್ದರು. ಅಂದು ಅಕ್ಕ ತಾನೂ ಬರುತ್ತೇನೆಂದು ಹೊಸ ಸೀರೆ ಉಟ್ಟು ನಿಂತಿದ್ದಳು. ಅದು ಜಪಾನಿ ಭಾಷೆ, ನಿನಗೇನು ತಿಳಿಯುತ್ತದೆ ಎಂದು ಬಿಟ್ಟುಹೋಗಿದ್ದೆ. ನನಗೂ ಜಪಾನಿ ಬಾರದು ಎಂಬುದು ಆಗ ಹೊಳೆಯಲೇ ಇಲ್ಲ.

ಡಿಸ್ಕ್ ಬಂದರೂ ಹಾಕಲು ಪ್ಲೇಯರ್ ಇರಲಿಲ್ಲ. ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಲ್ಲಿ ವಿಚಾರಿಸಿದರೆ, ಈಗೆಲ್ಲ ಫೋನಿನಾಗೇ ಐತಲ್ರೀ ಎಂದು ನಕ್ಕರು. ಕೊನೆಗೆ ಟಿವಿ ರಿಪೇರಿಯವರೊಬ್ಬರು ಮೂಲೆಯಲ್ಲಿದ್ದ ಒಂದನ್ನು ಒರೆಸಿ ಕೊಟ್ಟರು. ಅಕ್ಕನಿಗೆ ತೋರಿಸಲೆಂದೇ ಶಾಮನೂರಿಗೆ ಹೊತ್ತುಕೊಂಡು ಹೋದೆ ಎಂದರೆ ಸುಳ್ಳಾದೀತು. ಅವಳ ಮನೆಯ ಟಿವಿ ದೊಡ್ಡದಿತ್ತು, ಅಷ್ಟೆ.

ಭಾನುವಾರ ಬೆಳಿಗ್ಗೆ ಇಬ್ಬರೂ ನೋಡಲು ಕುಳಿತೆವು. ಪರದೆಯ ಕೆಳಗೆ ಇಂಗ್ಲಿಷ್ ಸಾಲುಗಳು ಬರುತ್ತಿದ್ದವು. ಅವಳಿಗೆ ಇಂಗ್ಲಿಷ್ ಬಾರದು. ನಾನು ಆಗಾಗ ಚಿತ್ರ ನಿಲ್ಲಿಸಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ತೋರಿಸತೊಡಗಿದೆ. ಸ್ವಲ್ಪ ಹೊತ್ತು ಸಹಿಸಿಕೊಂಡು ಆಮೇಲೆ ಹೇಳಿದಳು, “ಬ್ಯಾಡ ಬಿಡು. ನಿನ್ ಅಕ್ಷರ ನೋಡೋದ್ರಾಗೆ ಅವರ ಮುಖ ತಪ್ಪಿ ಹೋಗ್ತೈತೆ.”

ಚಿತ್ರದಲ್ಲಿ ಕೆಲಸ ಕಳೆದುಕೊಂಡ ಸಮುರಾಯ್ ಯೋಧನೊಬ್ಬ ಹೆಂಗಸೊಬ್ಬಳ ಮನೆಗೆ ಬಂದು, ನಿನ್ನ ಗಂಡ ಯುದ್ಧದಲ್ಲಿ ವೀರನ ಹಾಗೆ ಸತ್ತ ಎಂದು ತಿಳಿಸುತ್ತಾನೆ. ಅಷ್ಟನ್ನು ಮಾತ್ರ ನಾನು ಬಾಯಲ್ಲೇ ಅಕ್ಕನಿಗೆ ಹೇಳಿದೆ. ಅವಳು ಮುಂದಕ್ಕೆ ಬಾಗಿದಳು.

“ಸುಳ್ಳು ಹೇಳ್ತಾನೆ ಅವ್ನು. ಬಾಯಿ ಒಂದು ಹೇಳ್ತೈತೆ, ಕೈ ಇನ್ನೊಂದು ಹೇಳ್ತೈತೆ. ಆಕಿ ಗಂಡನ್ನ ಇವನೇ ಕೊಂದಾನೆ.”

ಅದು ನಿಜವಾಗಿತ್ತು. ಆದರೆ ಚಿತ್ರದಲ್ಲಿ ಆ ನಿಜ ಹೊರಬೀಳುವುದು ಇನ್ನೊಂದು ಗಂಟೆಯ ಮೇಲೆ. ಕಾಲೇಜಿನ ದಿನಗಳಲ್ಲಿ ಅದನ್ನು ನೋಡಿದ್ದ ನಾವ್ಯಾರೂ ಅದನ್ನು ಊಹಿಸಿರಲಿಲ್ಲ. ನಾನು ಚಿತ್ರ ನಿಲ್ಲಿಸಿ ಅವಳ ಕಡೆ ತಿರುಗಿದೆ. ಆವತ್ತು ನಿನ್ನನ್ನೂ ಕರೆದುಕೊಂಡು ಹೋಗಬೇಕಿತ್ತು ಎಂದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

“ಹೂಂ, ಹೋಗ್ಬೇಕಿತ್ತು,” ಎಂದಳು. “ಈಗ ಮುಂದೆ ಹಾಕು.”

ಆದರೂ ಎಲ್ಲವೂ ಮುಖದಲ್ಲಿ ಸಿಗುವುದಿಲ್ಲ. ಆ ಹೆಂಗಸು ಕೊನೆಯಲ್ಲಿ ಬಹಳ ಹೊತ್ತು ಮಾತಾಡುತ್ತಾಳೆ. ಏನೆಂದಳು ಎಂದು ತಿಳಿಯದೆ ಅಕ್ಕ ಊಟಕ್ಕೂ ಏಳಲಿಲ್ಲ. ಇಡೀ ಚಿತ್ರಕ್ಕೆ ಕನ್ನಡ ಸಾಲು ಬರೆಯುವ ಯೋಚನೆ ಹುಟ್ಟಿದ್ದು ಅಲ್ಲಿ. ಮೂರು ತಿಂಗಳು ಪ್ರತಿ ಭಾನುವಾರ ಕುಳಿತೆವು. ನಾನು ಉದ್ದುದ್ದ ಬರೆಯುತ್ತಿದ್ದೆ, ಅವಳು ಕತ್ತರಿಸುತ್ತಿದ್ದಳು. ಇಷ್ಟು ಓದುವಷ್ಟರಲ್ಲಿ ಆಕೆ ಅತ್ತು ಮುಗಿಸಿರುತ್ತಾಳೆ ಎನ್ನುತ್ತಿದ್ದಳು. ಕಂಪ್ಯೂಟರ್ ಬಲ್ಲ ಅವಳ ಮಗಳು ಆ ಸಾಲುಗಳನ್ನು ಚಿತ್ರದ ಕೆಳಗೆ ಕೂರಿಸಿಕೊಟ್ಟಳು.

ಹೋದ ತಿಂಗಳು ಅಕ್ಕನ ಐವರು ಗೆಳತಿಯರು ಬಂದರು. ಯಾರಿಗೂ ಕಿವಿ ಕೇಳುವುದಿಲ್ಲ. ಚಿತ್ರ ಮುಗಿದದ್ದೇ ಕೋಣೆಯ ತುಂಬ ಕೈಸನ್ನೆಯ ಜಗಳ. ಆ ಹೆಂಗಸಿನ ಕೊನೆಯ ಮಾತು ನಾವು ಬರೆದಂತೆ “ಕ್ಷಮಿಸಿದ್ದೇನೆ” ಎಂದಿರಲಾರದು ಎಂಬುದು ಒಬ್ಬರ ವಾದ ಎಂದು ಅಕ್ಕ ನನಗೆ ಬಾಯಲ್ಲಿ ತಿಳಿಸಿದಳು. ಆ ಕಣ್ಣಿನಲ್ಲಿ ಕ್ಷಮೆ ಎಲ್ಲಿದೆ ಎಂದು ಮತ್ತೆ ಮತ್ತೆ ತೋರಿಸಿದರು. ಇಂಗ್ಲಿಷಿನಲ್ಲಿ ಹಾಗೇ ಇದೆ ಎಂದು ನಾನು ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಜೊತೆ ಅಕ್ಕ ಅಷ್ಟು ನಗುವುದನ್ನು, ಅಷ್ಟು ಹಟ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ಚಹಾ ಆರಿಹೋಗಿತ್ತು.

“ಅಲ್ಲಿ ಏನೂ ಬರೀಬ್ಯಾಡ,” ಎಂದು ಕೊನೆಗೆ ಅವಳೇ ತೀರ್ಮಾನ ಕೊಟ್ಟಳು. “ಖಾಲಿ ಬಿಡು. ನೋಡೋರು ನೋಡ್ಕಂತಾರೆ.”

ಮುಂದಿನ ಭಾನುವಾರ ಒಂಬತ್ತು ಜನ ಬಂದರು. ಕೂರಲು ಪಕ್ಕದ ಮನೆಯಿಂದ ಕುರ್ಚಿ ತಂದೆವು.