ಬೂಟಿನ ಧೂಳು ಕೇಳಿ ತಿಂಗಳು ಹೇಳುವ ಅಕ್ಕ

ಬೆಳಿಗ್ಗೆ ಒಂಬತ್ತೂವರೆ. ಬೀದಿಯ ಅಂಗಡಿಗಳೆಲ್ಲ ಇನ್ನೂ ಬಾಗಿಲು ತೆರೆದಿಲ್ಲ. ಮೂಲೆಯ ಪ್ರವಾಸ ಕಚೇರಿಯಲ್ಲಿ ಮಾತ್ರ ದೀಪ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಫೋನನ್ನು ಕಿವಿಗೆ ಒತ್ತಿಕೊಂಡು, ಆಫ್ರಿಕಾದಲ್ಲಿರುವ ಸಫಾರಿ ಜೀಪಿನ ಚಾಲಕನನ್ನು ಕೇಳುತ್ತಿದ್ದಾರೆ: "ಇವತ್ತು ನಿನ್ನ ಬೂಟಿಗೆ ಏನು ಮೆತ್ಕೊಂಡಿದೆ? ಧೂಳಾ, ಕೆಸರಾ?"

ಉತ್ತರ ಬಂದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು. ಧೂಳಿಗೆ ಚುಕ್ಕೆ, ಕೆಸರಿಗೆ ಅಡ್ಡಗೆರೆ. ಹನ್ನೊಂದು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಹಳೆಯ ಕ್ಯಾಲೆಂಡರುಗಳೆಲ್ಲ ಅದೇ ಮೊಳೆಗೆ ನೇತಾಡುತ್ತಿವೆ. ಕಚೇರಿಯವರ ಬಾಯಲ್ಲಿ ಇವರು 'ಕ್ಯಾಲೆಂಡರ್ ಅಕ್ಕ'. ಸಫಾರಿಗೆ ಯಾವ ತಿಂಗಳು ಹೋಗಬೇಕೆಂದು ಊರಿಗೆಲ್ಲ ಹೇಳುವ ಇವರು ಮಾತ್ರ ಇನ್ನೂ ಆ ನೆಲ ಮೆಟ್ಟಿಲ್ಲ.

ಈ ಗೀಳು ಹತ್ತಿದ್ದು ಒಂದು ಎಡವಟ್ಟಿನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಗ್ಗವೆಂದು ನವದಂಪತಿಯನ್ನು ಏಪ್ರಿಲ್‌ನಲ್ಲಿ ಕಳಿಸಿಬಿಟ್ಟರು. ಅಲ್ಲಿ ಅದು ಜಡಿಮಳೆಯ ಕಾಲ. ಜೀಪು ಹೂತುಹೋಯಿತು, ಹುಲ್ಲು ಆಳೆತ್ತರ ಬೆಳೆದಿತ್ತು. ಕಂಡದ್ದು ಒಂದು ಸಿಂಹದ ಕಿವಿ. "ಅದೂ ಸಿಂಹದ್ದೇ ಅನ್ನೋಕೆ ಗ್ಯಾರಂಟಿ ಇರ್ಲಿಲ್ಲ" ಎಂದು ಅಕ್ಕ ನಗುತ್ತಾರೆ. ಆದರೆ ವಾಪಸು ಬಂದ ಆ ನವವಧು ಇದೇ ಕುರ್ಚಿಯಲ್ಲಿ ಕೂತು ಅತ್ತದ್ದು ಅವರನ್ನು ಈಗಲೂ ಚುಚ್ಚುತ್ತದೆ.

ಈ ಮಾರ್ಚ್‌ನಲ್ಲಿ ಒಬ್ಬ ವಯಸ್ಸಾದ ದರ್ಜಿ ಮಗಳ ಜೊತೆ ಬಂದರು. ಅವರ ದೃಷ್ಟಿ ದಿನೇ ದಿನೇ ಕುಗ್ಗುತ್ತಿದೆ, ವರ್ಷದೊಳಗೆ ಪೂರ್ತಿ ಹೋಗಬಹುದು. ಅಷ್ಟರಲ್ಲಿ ಆನೆ ಹಿಂಡನ್ನು ಕಣ್ತುಂಬ ನೋಡಬೇಕೆಂಬುದೊಂದೇ ಆಸೆ. ಮಗಳಿಗೆ ಏಪ್ರಿಲ್‌ನಲ್ಲೇ ಹೊರಡುವ ಅವಸರ. ಹೊಂಡಗಳು ಬತ್ತಿ, ಪ್ರಾಣಿಗಳೆಲ್ಲ ಉಳಿದ ನೀರಿಗೆ ಬರುವ ಆಗಸ್ಟೇ ಒಳ್ಳೆಯದೆಂದು ಕಚೇರಿಯ ಕರಪತ್ರ ಹೇಳುತ್ತದೆ. ಅಲ್ಲಿಯವರೆಗೆ ಕಣ್ಣು ಕಾಯಬೇಕಲ್ಲ!

ಅಕ್ಕ ಎರಡು ದಿನದ ಸಮಯ ಕೇಳಿಕೊಂಡರು. ಕ್ಯಾಲೆಂಡರುಗಳನ್ನೆಲ್ಲ ನೆಲಕ್ಕೆ ಹಾಸಿ ಕೂತರು. ಜೂನ್ ಕೊನೆಯ ವಾರದಲ್ಲಿ ಹನ್ನೊಂದರಲ್ಲಿ ಒಂಬತ್ತು ವರ್ಷ ಬರೀ ಚುಕ್ಕೆಗಳು. "ಏಪ್ರಿಲ್ ಬೇಡ, ಆಗಸ್ಟ್‌ವರೆಗೆ ಕಾಯೋದೂ ಬೇಡ, ಜೂನ್ ಕೊನೆಗೆ ಹೋಗಿ ಅಂದುಬಿಟ್ಟೆ. ಅವತ್ತಿಂದ ನಂಗೆ ಸರಿಯಾಗಿ ನಿದ್ದೇನೇ ಇಲ್ಲ ನೋಡಿ."

ನೀವೇ ಹೋಗುವುದಾದರೆ ಯಾವ ತಿಂಗಳು ಎಂದು ಕೇಳುತ್ತೇನೆ. ಏಪ್ರಿಲ್ಲೇ ಅಂತೆ. ಯಾರಿಗೂ ಕೊಡದ ತಿಂಗಳು ತನಗಿರಲಿ, ಆ ಕೆಸರಿನ ಮೇಲೆ ಹಳೇ ಸೇಡೊಂದಿದೆ ಎನ್ನುತ್ತಾರೆ.

ಜೂನ್ ಇಪ್ಪತ್ತಾರರ ಬೆಳಿಗ್ಗೆ ಮತ್ತೆ ಕಚೇರಿಗೆ ಹೋಗುತ್ತೇನೆ. ಫೋನಿನಲ್ಲಿ ಅದೇ ಪ್ರಶ್ನೆ. ಚಾಲಕ ಉತ್ತರಿಸದೆ ಫೋನನ್ನು ಪಕ್ಕದವರಿಗೆ ಕೊಡುತ್ತಾನೆ. ದರ್ಜಿಯ ದನಿ ನನಗೂ ಕೇಳಿಸುತ್ತದೆ: "ಬೂಟು ಆಮೇಲೆ ನೋಡೋಣ ತಾಯಿ. ಎದುರಿಗೆ ಹನ್ನೆರಡು ಆನೆ ನಿಂತಿವೆ, ಮೂರು ಮರಿ. ನಾನೇ ಎಣಿಸ್ದೆ."

ಅಕ್ಕ ಫೋನಿಟ್ಟು ಪೆನ್ನಿಗೆ ಮುಚ್ಚಳ ಹಾಕಿಬಿಡುತ್ತಾರೆ. ಕ್ಯಾಲೆಂಡರಿನಲ್ಲಿ ಇವತ್ತಿನ ಚೌಕ ಖಾಲಿಯಿದೆಯಲ್ಲ ಎಂದು ನಾನೇ ನೆನಪಿಸುತ್ತೇನೆ.

"ಇರ್ಲಿ ಬಿಡಿ," ಎನ್ನುತ್ತಾರೆ ಕಣ್ಣೊರೆಸಿಕೊಳ್ಳುತ್ತಾ. "ಇವತ್ತಿಂದು ನಂಗೆ ನೆನಪಿರುತ್ತೆ."