ಚಿಗವ್ವನ ಶ್ರುತಿಗೆ ಇಳಿದ ಕಂಪ್ಯೂಟರ್

ಹುಮನಾಬಾದಿನ ಕ್ಯಾಸೆಟ್ ಅಂಗಡಿಯ ಮಾಲೀಕರು ನಮ್ಮ ಚಿಗವ್ವನ ಹಾಡು ಕೇಳಿದ್ದು ಅರ್ಧ ಮಾತ್ರ. ಕ್ಯಾಸೆಟ್ ಹೋಗಿ ಸಿ.ಡಿ. ಬರುತ್ತಿದ್ದ ಕಾಲ ಅದು. ಅಂಗಡಿಯ ಹಿಂದೆ ಅವರದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇತ್ತು. ಸುತ್ತಲಿನ ಊರುಗಳಲ್ಲಿ ಯಾರು ಹಾಡು ಹೊರತರಬೇಕೆಂದರೂ ಅಲ್ಲಿಗೇ ಹೋಗಬೇಕು.

ಚಿಗವ್ವ ನನ್ನ ತಾಯಿಯ ತಂಗಿ. ನನಗೆ ತಿಳಿವಳಿಕೆ ಬಂದಾಗಿನಿಂದ ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳ ಭಜನಾ ಮಂಡಳಿ ನಡೆಸುತ್ತಿದ್ದವಳು. ವಚನಗಳಿಗೆ ತಾನೇ ಧಾಟಿ ಕಟ್ಟುತ್ತಿದ್ದಳು. ರೊಟ್ಟಿ ಬಡಿಯುತ್ತ ಹೊಳೆದ ಧಾಟಿಯನ್ನು ಸಂಜೆ ಮಂಡಳಿಗೆ ಕಲಿಸುತ್ತಿದ್ದಳು. ಅವು ಎಲ್ಲಿಯೂ ದಾಖಲಾಗಿರಲಿಲ್ಲ. ಒಂದು ಸಿ.ಡಿ. ಮಾಡಿಸೋಣ ಎಂದು ನಾನೇ ಮಂಡಳಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ.

ಮಾಲೀಕರು ಕೈಯೆತ್ತಿ ಹಾಡು ನಿಲ್ಲಿಸಿದರು. "ಧಾಟಿ ಛಲೋ ಅದಾವ್ರಿ. ಆದ್ರ ಹೆಣ್ಮಕ್ಕಳದು ಇಂಥಾ ದಪ್ಪ ದನಿ ನಡ್ಯಂಗಿಲ್ಲ. ಹೈದರಾಬಾದಿಂದ ಒಬ್ಬ ಸಿಂಗರ್‌ನ ಕರಸ್ತೀನಿ. ಅವರು ಹಾಡ್ಲಿ, ನೀವು ಹಿಂದ ಕೋರಸ್ ಕೊಡ್ರಿ."

ಚಿಗವ್ವ ತಾಳಗಳನ್ನು ಚೀಲಕ್ಕೆ ಹಾಕಿದಳು. "ನಾವು ಕಟ್ಟಿದ ಧಾಟಿಗಿ ನಾವೇ ಹಿಂದ ನಿಲ್ಲಬೇಕೇನ್ರಿ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಮಂಡಳಿಯವರನ್ನು ಎಬ್ಬಿಸಿಕೊಂಡು ಹೊರಗೆ ಬಂದುಬಿಟ್ಟಳು.

ಬಸ್ ಸ್ಟ್ಯಾಂಡಿನವರೆಗೂ ನಾನು ಜೊತೆಗೆ ನಡೆದೆ. ಅವರು ಕಲ್ಯಾಣದ ಬಸ್ಸು ಹತ್ತುವಾಗ ಹೇಳಿದೆ: "ಮ್ಯೂಸಿಕ್ ನಾ ಮಾಡ್ತೀನಿ ಚಿಗವ್ವಾ. ನಮ್ಮ ಮನ್ಯಾಗ, ಕಂಪ್ಯೂಟರ್ ಮ್ಯಾಲ."

"ಬರ್ತದೇನು ನಿನಗ?"

"ಕಲೀತೀನಿ."

ನಾನಿದ್ದದ್ದು ಹುಮನಾಬಾದಿನಲ್ಲೇ. ಊರಿನ ಹುಡುಗಿಯರಿಗೆ ಹಾರ್ಮೋನಿಯಂ ಕಲಿಸುತ್ತಿದ್ದೆ. ನನ್ನ ಯಜಮಾನರು ಒಂದು ಟೈಪಿಂಗ್ ಕ್ಲಾಸಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಹೊಸ ಕಂಪ್ಯೂಟರುಗಳು ಬಂದಾಗ ತೆಗೆದುಹಾಕಿದ ಹಳೆಯದೊಂದು ನಮ್ಮ ಮನೆಗೆ ಬಂದಿತ್ತು. ಕಂಪ್ಯೂಟರಿನೊಳಗೇ ವಾದ್ಯ ನುಡಿಸುವ ಸಾಫ್ಟ್‌ವೇರುಗಳಿವೆ, ಸಿಂಥ್ ಎನ್ನುತ್ತಾರೆ ಎಂದು ಅವರೇ ಹೇಳಿದ್ದರು. ಹಾರ್ಮೋನಿಯಂನಂಥ ಮನೆಗಳಿರುವ ಒಂದು ಸಣ್ಣ ಕೀಬೋರ್ಡನ್ನೂ ಜೋಡಿಸಿಕೊಟ್ಟರು. ತಬಲಾ, ಸಾರಂಗಿ ನುಡಿಸುವವರನ್ನು ಕರೆಯಬಹುದಿತ್ತು. ಆದರೆ ನನಗೆ ಗೊತ್ತಿದ್ದವರೆಲ್ಲ ಆ ಕ್ಯಾಸೆಟ್ ಅಂಗಡಿಯ ಕೆಲಸ ನಂಬಿದವರು. ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಲು ನನಗೆ ಇಷ್ಟವಿರಲಿಲ್ಲ.

ತಂಬೂರಿ ಒಂದನ್ನೇ ಹಾಕಿದಾಗ ಕಂಪ್ಯೂಟರ್ ಚೆನ್ನಾಗಿ ನುಡಿಯಿತು. ತಬಲಾ ಸೇರಿತು, ಪರವಾಗಿಲ್ಲ. ಕೊಳಲು ಸೇರಿಸಿದೆ. ಪರದೆಯ ಮೇಲ್ತುದಿಯಲ್ಲಿ ಪ್ರೊಸೆಸರಿನ ಭಾರ ತೋರಿಸುವ ಒಂದು ಸಣ್ಣ ಪಟ್ಟಿ ಇರುತ್ತದೆ. ಅಲ್ಲಿಯವರೆಗೆ ಹಸಿರಿದ್ದದ್ದು ಹಳದಿಯಾಯಿತು. ಸಾರಂಗಿ ಸೇರಿಸಿದ್ದೇ ತಡ, ಪಟ್ಟಿ ಪೂರಾ ಕೆಂಪಾಗಿ, ಕಾದ ಹೆಂಚಿನ ಮೇಲೆ ಜೋಳ ಹಾಕಿದ ಹಾಗೆ ಚಟಪಟ ಸದ್ದು ಸುರುವಾಯಿತು. ಹಾಡು ತುಂಡು ತುಂಡಾಗಿ ಬಂದು, ಕೊನೆಗೆ ಪರದೆಯೇ ಸ್ತಬ್ಧವಾಯಿತು.

ಒಂದು ದಿನ ಕ್ಯಾಸೆಟ್ ಅಂಗಡಿಯ ಮಾಲೀಕರು ಏನೋ ಟೈಪಿಂಗ್ ಕೆಲಸಕ್ಕೆಂದು ಯಜಮಾನರನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಅದೇ ಹೊತ್ತಿಗೆ ಚಟಪಟ ಕೇಳಿಸಿತು. ಬಾಗಿಲಲ್ಲೇ ನಿಂತು ನಕ್ಕರು. "ಟೀಚರ್, ಇದು ಬಿಲ್ ಹೊಡಿಯೋ ಡಬ್ಬಿ ಅದ. ಇದರಾಗ ಸಂಗೀತ ಆಗಂಗಿಲ್ಲ. ಹೊಸ ಮಷೀನ್ ತಗೋರಿ, ಇಲ್ಲಾಂದ್ರ ನನ್ನ ಕಡಿ ಬರ್ರಿ."

"ಎರಡೂ ಮಾಡಂಗಿಲ್ರಿ" ಎಂದೆ. "ಕೂತು ಚಹಾ ಕುಡೀರಿ."

ಅವರು ಚಹಾ ಕುಡಿದು ಹೋದರು. ಯಜಮಾನರು ಮೆಲ್ಲಗೆ, "ಅವರು ಹೇಳೋದು ಖರೇನ ಅದ. ಮುಂದ ಎಂದಾದ್ರ ಹೊಸದು ತರೂಣು, ಈಗ ಬಿಡು" ಎಂದರು. ನನಗೆ ಸಿಟ್ಟು ಬಂತು. ಒಳ್ಳೆಯದು ಬರುವ ತನಕ ಬಾಯಿ ಮುಚ್ಚಿಕೊಂಡಿರು ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಲೇ ಬಂದಿದ್ದೆ. "ಇದರ ಮ್ಯಾಲೇ ಮಾಡ್ತೀನಿ. ಇದಕ್ಕ ಎಷ್ಟು ಹೊರಲಿಕ್ಕಾಗ್ತದೋ ಅಷ್ಟೇ ಹೊರಸ್ತೀನಿ" ಎಂದೆ.

ಸಾಫ್ಟ್‌ವೇರಿನ ಜೊತೆಗೆ ಬಂದಿದ್ದ ಇಂಗ್ಲಿಷ್ ವಿವರಣೆಯನ್ನು ನಿಘಂಟು ಹಿಡಿದು ಓದತೊಡಗಿದೆ. ನಿಧಾನವಾಗಿ ವಿಷಯ ತಿಳಿಯಿತು. ನಾನು ತಂದಿದ್ದ ಸಿಂಥ್ ಒಳಗೆ ಮೊದಲೇ ರೆಕಾರ್ಡ್ ಮಾಡಿದ ಸಾರಂಗಿ ಇಲ್ಲ. ನಾನು ಕೀಬೋರ್ಡಿನ ಮನೆ ಒತ್ತಿದಾಗಲೆಲ್ಲ ಪ್ರೊಸೆಸರ್ ಲೆಕ್ಕ ಹಾಕಿ ನಾದವನ್ನು ಆ ಗಳಿಗೆಯಲ್ಲೇ ಹುಟ್ಟಿಸಬೇಕು. ಹಾಡು ಹಾಕಿದಾಗಲೆಲ್ಲ ಮತ್ತೆ ಮೊದಲಿಂದ ಹುಟ್ಟಿಸಬೇಕು. ನಾನು ನಾಲ್ಕು ವಾದ್ಯಗಳನ್ನು ಒಟ್ಟಿಗೆ ಹುಟ್ಟಿಸು ಎಂದು ಅದರ ಕುತ್ತಿಗೆಯ ಮೇಲೆ ಕೂತಿದ್ದೆ.

ಹಾಗಾಗಿ ಒಂದೊಂದನ್ನೇ ಹಿಡಿದೆ. ತಂಬೂರಿ ನುಡಿಸಿ, ಆ ನಾದವನ್ನು ಧ್ವನಿಯ ಫೈಲಾಗಿ ಉಳಿಸಿ, ತಂಬೂರಿಯ ಸಿಂಥ್ ಮುಚ್ಚಿಬಿಡುತ್ತಿದ್ದೆ. ಉಳಿಸಿದ ಫೈಲನ್ನು ಸುಮ್ಮನೆ ಓದಿ ನುಡಿಸಲು ಪ್ರೊಸೆಸರಿಗೆ ಹೆಚ್ಚು ಕಷ್ಟವಿಲ್ಲ. ಆಮೇಲೆ ತಬಲಾ, ಆಮೇಲೆ ಕೊಳಲು. ಹೀಗೆ ಯಾವಾಗಲೂ ಒಂದೇ ಸಿಂಥ್ ಎಚ್ಚರವಿರುತ್ತಿತ್ತು. ಪ್ರತಿ ವಾದ್ಯಕ್ಕೂ ಬೇರೆ ಬೇರೆ ಹಾಕಿದ್ದ ಗುಮ್ಮಟದೊಳಗಿನಂತೆ ನಾದ ಮೊಳಗಿಸುವ ಪರಿಣಾಮವನ್ನು ತೆಗೆದು ಎಲ್ಲಕ್ಕೂ ಸೇರಿ ಒಂದೇ ಇಟ್ಟೆ. ಸಾರಂಗಿ ಹೇಗೂ ಒಂದು ಸಲಕ್ಕೆ ಒಂದೇ ಸ್ವರ ಎಳೆಯುವ ವಾದ್ಯ. ಅದರ ಸಿಂಥಿಗೂ ಒಂದೇ ಸ್ವರದ ಮಿತಿ ಹಾಕಿದೆ.

ನಾದವನ್ನು ನುಡಿಸುವ ಮೊದಲು ಸ್ವಲ್ಪ ಕೂಡಿಟ್ಟುಕೊಳ್ಳುವ ಬಫರ್ ಎಂಬುದೊಂದಿತ್ತು. ಅದನ್ನು ದೊಡ್ಡದು ಮಾಡಿದರೆ ಪ್ರೊಸೆಸರಿಗೆ ಉಸಿರಾಡಲು ಸಮಯ ಸಿಗುತ್ತದೆ, ಆದರೆ ಒತ್ತಿದ ಮನೆ ತಡವಾಗಿ ನುಡಿಯುತ್ತದೆ. ನುಡಿಸುವಾಗ ಅದನ್ನು ಸಣ್ಣದು ಮಾಡುತ್ತಿದ್ದೆ, ಕೂತು ಕೇಳುವಾಗ ದೊಡ್ಡದು. ವೈರಸ್ ಹುಡುಕುವ ಪ್ರೋಗ್ರಾಮು, ಯಜಮಾನರು ಪ್ರೀತಿಯಿಂದ ಹಾಕಿದ್ದ ಈಜುವ ಮೀನುಗಳ ಚಿತ್ರ, ಎಲ್ಲವನ್ನೂ ತೆಗೆದುಹಾಕಿದೆ. ಅವರು ಮೀನುಗಳನ್ನು ಕೇಳಿದಾಗ, "ಅವಕ್ಕೂ ಪ್ರೊಸೆಸರ್ ಬೇಕಾಗ್ತದರಿ" ಎಂದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಎಲ್ಲ ಹಾಡುಗಳ ವಾದ್ಯ ಸಿದ್ಧವಾಯಿತು. ಚಟಪಟ ಎಲ್ಲಿಯೂ ಇರಲಿಲ್ಲ. ಚಿಗವ್ವ ಮಂಡಳಿಯೊಂದಿಗೆ ಬಂದಳು. ಅಂಗಡಿಗೆ ಹೋಗಿ ಬಂದ ಮೇಲೆ ಅವಳಿಗೆ ದೊಡ್ಡ ಜ್ವರ ಬಂದು ಹೋಗಿತ್ತು ಎಂದು ಕೇಳಿದ್ದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು, ಮೊದಲ ಹಾಡು ಎತ್ತಿಕೊಂಡಳು. ಪಲ್ಲವಿ ದಾಟಿ ಮೇಲಿನ ಷಡ್ಜಕ್ಕೆ ಏರಿದಾಗ ದನಿ ಒಡೆಯಿತು. ಇನ್ನೊಮ್ಮೆ ಹಾಡಿ ನೋಡಿದಳು. ಮತ್ತೆ ಒಡೆಯಿತು.

ಮಂಡಳಿಯ ಒಬ್ಬಾಕೆ, "ಮ್ಯಾಲಿಂದು ನಾವ್ ಹಾಡ್ತೀವಿ, ನೀವ್ ಕೆಳಗಿಂದು ಹಾಡ್ರಿ ಅಕ್ಕಾ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಚಿಗವ್ವ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಜ್ವರ ಹೋದ ಮ್ಯಾಲ ನನ್ನ ದನಿ ಇಲ್ಲಿ ಬಂದು ಕೂತದ" ಎಂದು ಎದೆ ಮುಟ್ಟಿ ತೋರಿಸಿದಳು. "ಇದೂ ನಂದೇ ದನಿ. ನಾ ಏರಂಗಿಲ್ಲ ಮಗಳ. ನಿನ್ನ ಯಂತ್ರ ಇಳೀಲಿ."

ನಾನು ಹಾರ್ಮೋನಿಯಂ ತೆಗೆದು ಅವಳ ದನಿ ನಿಲ್ಲುವ ಮನೆ ಹುಡುಕಿದೆ. ಬಹಳ ಕೆಳಗಿತ್ತು. ಉಳಿಸಿದ ಫೈಲುಗಳನ್ನೇ ಕಂಪ್ಯೂಟರಿನಲ್ಲಿ ಎಳೆದು ಕೆಳಗಿಳಿಸಿ ನೋಡಿದರೆ ತಬಲಾ ಗಡಿಗೆ ಬಡಿದಂತೆ ಕೇಳಿತು, ಕೊಳಲಿಗೆ ನೆಗಡಿಯಾದಂತಾಯಿತು. ಅಂದರೆ ಮೊದಲಿಂದ ಎಲ್ಲವನ್ನೂ ಮಾಡಬೇಕು. ಪ್ರತಿ ಸಿಂಥನ್ನೂ ಮತ್ತೆ ಎಬ್ಬಿಸಿ, ಹೊಸ ಶ್ರುತಿಯಲ್ಲಿ ನುಡಿಸಿ, ಮತ್ತೆ ಉಳಿಸಬೇಕು. ಅಳು ಬಂದಿತ್ತು ಎಂದು ಬರೆಯಲು ನನಗೆ ನಾಚಿಕೆ ಇಲ್ಲ. ಆದರೆ ಅವಳೆದುರು, "ಆಯ್ತು ಚಿಗವ್ವಾ, ಬ್ಯಾಸಗ್ಯಾಗ ಬರ್ರಿ" ಎಂದಷ್ಟೇ ಹೇಳಿದೆ.

ಬೇಸಿಗೆ ನಮ್ಮ ಕಡೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಪ್ರೊಸೆಸರ್ ಕಾದು ಕಂಪ್ಯೂಟರ್ ತಾನಾಗಿ ಆರಿಹೋಗುತ್ತಿತ್ತು. ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ, ನಾನು ಬೆವರುತ್ತ ಕೂತೆ. ಯಜಮಾನರು ಈ ಸಲ ಬಿಡು ಎನ್ನಲಿಲ್ಲ. ನನ್ನ ಪಾಠದ ಹುಡುಗಿಯರು ಬಂದಾಗ ಒಳಗಿಂದ ತಾವೇ ಚಹಾ ಮಾಡಿಕೊಂಡು ಬರುತ್ತಿದ್ದರು.

ಉಳಿದ ವಾದ್ಯಗಳಿಗೆ ನಾನು ಒತ್ತಿದ ಮನೆಗಳ ದಾಖಲೆ ಕಂಪ್ಯೂಟರಿನಲ್ಲಿತ್ತು, ಸಾರಂಗಿಯದನ್ನು ಮಾತ್ರ ಕೈತಪ್ಪಿ ಅಳಿಸಿಬಿಟ್ಟಿದ್ದೆ. ಅದನ್ನು ಮತ್ತೆ ಕೈಯಾರೆ ನುಡಿಸಿದೆ. ಕೆಳಗಿನ ಶ್ರುತಿಯಲ್ಲಿ ಅದು ಮೊದಲಿಗಿಂತ ಬೇರೆಯೇ ಆಯಿತು. ಮೊದಲು ನಾನು ಚುರುಕಾಗಿ ಓಡಿಸಿದ್ದೆ. ಈಗ ಚಿಗವ್ವ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂದು ನೆನೆದು ಅಲ್ಲಿ ಮಾತ್ರ ನುಡಿಸಿದೆ, ಉಳಿದೆಡೆ ಸುಮ್ಮನಿದ್ದೆ.

ಹಾಡುವ ದಿನ ಫ್ಯಾನಿನ ಸದ್ದು ಮೈಕಿಗೆ ಬರಬಾರದು, ಫ್ಯಾನಿಲ್ಲದೆ ಕಂಪ್ಯೂಟರ್ ಕಾಯಬಾರದು. ಅದಕ್ಕೆ ಪ್ರತಿ ಹಾಡಿನ ಎಲ್ಲ ವಾದ್ಯಗಳನ್ನು ಕೂಡಿಸಿ ಒಂದೇ ಫೈಲು ಮಾಡಿದ್ದೆ. ಒಂದು ಸಿಂಥೂ ತೆರೆದಿರಲಿಲ್ಲ. ಭಾರದ ಪಟ್ಟಿ ಹಸಿರಿನ ಬುಡದಲ್ಲೇ ಮಲಗಿತ್ತು. ಕಿಟಕಿಗಳಿಗೆ ರಜಾಯಿ ಕಟ್ಟಿದ್ದೆವು, ಆದರೂ ಹೈವೇ ಲಾರಿಯ ಹಾರ್ನು ಒಮ್ಮೊಮ್ಮೆ ನುಗ್ಗುತ್ತಿತ್ತು. ಆಗ ಮತ್ತೆ ಹಾಡುತ್ತಿದ್ದರು. ಚಿಗವ್ವನ ದನಿ ಆ ಕೆಳಗಿನ ಶ್ರುತಿಯಲ್ಲಿ ಗಟ್ಟಿಯಾಗಿ, ಯಾರ ಅಪ್ಪಣೆಯನ್ನೂ ಕಾಯದೆ ನಡೆಯಿತು. ನಾನು ಪರದೆ ನೋಡುವುದನ್ನೇ ಮರೆತೆ.

ಸಿ.ಡಿ.ಗಳನ್ನು ಕಲ್ಯಾಣದ ಒಂದು ಬಳೆ ಅಂಗಡಿಯಲ್ಲಿಟ್ಟೆವು. ಮುಖಪುಟದ ಮೇಲೆ ಮಂಡಳಿಯ ಎಲ್ಲರ ಫೋಟೋ ಇತ್ತು. ಮಳೆಗಾಲದ ಹೊತ್ತಿಗೆ ಕ್ಯಾಸೆಟ್ ಅಂಗಡಿಯ ಮಾಲೀಕರು ಮತ್ತೆ ನಮ್ಮ ಮನೆಗೆ ಬಂದರು. ಈ ಸಲ ನಗಲಿಲ್ಲ.

"ಟೀಚರ್, ಮ್ಯೂಸಿಕ್ ಬರೋಬರಿ ಕೂತದ. ದನಿ ತೆಗೆದು ಬರೀ ಮ್ಯೂಸಿಕ್ ನನಗ ಕೊಡ್ರಿ. ಹೈದರಾಬಾದಿನವರ ಕಡಿಂದ ಅದರ ಮ್ಯಾಲ ಹಾಡಸ್ತೀನಿ. ನಿಮ್ಮ ಹೆಸರು ಹಾಕ್ತೀನಿ."

"ಕೊಡಂಗಿಲ್ರಿ."

"ಯಾಕ, ದನಿ ಬ್ಯಾರೆ ಮಾಡ್ಲಿಕ್ಕಿ ಬರಂಗಿಲ್ಲೇನು?"

"ಬರ್ತದ. ಆ ಫೈಲು ಬ್ಯಾರೇನೇ ಅದ, ಇಲ್ಲೇ ಅದ. ಕೊಡಂಗಿಲ್ಲ ಅಂದೆ."

ಅವರ ಮುಖ ಕೆಂಪಾಯಿತು. ಆಮೇಲೆ ಊರಿನಲ್ಲಿ, ಅದು ಸಂಗೀತವಲ್ಲ, ಯಂತ್ರದ ಗದ್ದಲ ಎಂದು ಹೇಳಿಕೊಂಡು ತಿರುಗಿದರು. ಕೆಲವು ಮನೆಗಳವರು ಹುಡುಗಿಯರನ್ನು ನನ್ನ ಪಾಠದಿಂದ ಬಿಡಿಸಿದರು. ಹೋದವರು ಹೋಗಲಿ ಎಂದುಕೊಂಡೆ. ನೋವಾಗಲಿಲ್ಲ ಎಂದಲ್ಲ.

ಮುಂದಿನ ವರ್ಷ ಚಿಟಗುಪ್ಪದಿಂದ ಒಂದು ಮಂಡಳಿಯವರು, ಅವರ ಬೆನ್ನಿಗೇ ಘಾಟಬೋರಾಳದಿಂದ ಇಬ್ಬರು ಅಕ್ಕತಂಗಿಯರು ಹಾಡು ಹಿಡಿದುಕೊಂಡು ಬಂದರು. ಕಂಪ್ಯೂಟರ್ ಅದೇ ಇತ್ತು, ಪಕ್ಕದ ತಗಡು ಇನ್ನೂ ಬಿಚ್ಚಿಯೇ ಇತ್ತು. ಅದನ್ನು ನೋಡಿ ಅಕ್ಕತಂಗಿಯರಲ್ಲಿ ಹಿರಿಯಳು, "ಇದರ ಮ್ಯಾಲ ಆಗ್ತದೇನ್ರಿ?" ಎಂದು ಅನುಮಾನದಿಂದ ಕೇಳಿದಳು.

"ಆಗ್ತದ. ಮೊದಲ ನೀವು ಹಾಡ್ರಿ" ಎಂದು ನಾನು ಹಾರ್ಮೋನಿಯಂ ಹತ್ತಿರಕ್ಕೆ ಎಳೆದುಕೊಂಡೆ.