ಪೂಜೆಗಿಟ್ಟ ಸುತ್ತಿಗೆಗಳು

ನನ್ನ ಗಂಡನಿಗೆ ಸುತ್ತಿಗೆ ಕೊಳ್ಳುವ ಹುಚ್ಚು. ಹೊಡೆಯುವ ಹುಚ್ಚಲ್ಲ, ಕೊಳ್ಳುವ ಹುಚ್ಚು. ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಹಲಗೆ, ಅದರ ತುಂಬ ನೇತಾಡುವ ಸುತ್ತಿಗೆಗಳು. ಮೊಳೆ ಹೊಡೆಯಲೂ ಕೀಳಲೂ ಬರುವ ಸೀಳುಬಾಲದ್ದು ಕುಮಟೆಯ ಅಂಗಡಿಯದು. ತಗಡು ಬಡಿಯುವ ಗುಂಡುತಲೆಯದನ್ನು ಭಟ್ಕಳದಿಂದ ತಂದು, ‘ದುಬೈ ಮಾಲು’ ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಟೈಲ್ಸ್ ಕೂರಿಸುವ ರಬ್ಬರಿನದು ಬೇರೆ, ಉಳಿಯ ಹಿಡಿಗೆ ಹೊಡೆಯುವ ಮರದ ಕೊಡತಿ ಬೇರೆ, ಕಲ್ಲು ಒಡೆಯುವ ಚಮ್ಮಟಿಗೆ ಬೇರೆ. ಯಾವುದು ಎಂತಕ್ಕೆ ಎಂದು ಯಾರಾದರೂ ಕೇಳಿದರೆ ಮುಗಿಯಿತು, ಕೇಳಿದವರ ಚಹಾ ಆರುವವರೆಗೆ ವ್ಯಾಖ್ಯಾನ. ಇಷ್ಟೆಲ್ಲ ಬಲ್ಲ ಪುಣ್ಯಾತ್ಮರು ಕ್ಯಾಲೆಂಡರಿಗೊಂದು ಮೊಳೆ ಹೊಡೆದರೆ ಮೊಳೆ ಬಗ್ಗುತ್ತದೆ, ಗಾರೆ ಉದುರುತ್ತದೆ. ಕೇಳಿದರೆ ಗೋಡೆಯೇ ಸರಿಯಿಲ್ಲವಂತೆ. ಕುಣಿಯಲಾರದವಳಿಗೆ ನೆಲ ಡೊಂಕು!

ಆಯುಧಪೂಜೆ ಬಂದರೆ ಇವರ ಸಂಭ್ರಮ ನೋಡಬೇಕು. ವರ್ಷವಿಡೀ ಕೆಲಸ ಕಾಣದ ಆ ಕಬ್ಬಿಣಗಳಿಗೆ ಎಣ್ಣೆ, ಕುಂಕುಮ, ತಲೆಗೊಂದು ಗೊಂಡೆ ಹೂವು. ಪೂಜೆಗಿಟ್ಟ ಹತಾರವನ್ನು ಮರುದಿನ ದಶಮಿಯ ಪೂಜೆ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ತರಕಾರಿ ಹೆಚ್ಚುವ ನನ್ನ ಮೆಟ್ಟುಗತ್ತಿಯನ್ನೂ ಕೇಳಿದರು, ನಾನು ಕೊಡಲಿಲ್ಲ. ಊಟ ಎಲ್ಲರಿಗೂ ಬೇಕಲ್ಲ.

ಕಳೆದ ವರ್ಷ ಆ ಪೂಜೆಯ ಸಂಜೆ ಅತ್ತೆ ಮೀಯಲು ಹೋದರು. ಅವರಿಗೆ ದಮ್ಮು. ಬಚ್ಚಲ ಒಲೆಯಲ್ಲಿ ತೆಂಗಿನ ಸಿಪ್ಪೆ ಉರಿಯುತ್ತಿತ್ತು. ಮಿಂದು ಹೊರಡುವಾಗ, ಉಪ್ಪುಗಾಳಿಗೆ ತುಕ್ಕು ತಿಂದ ಒಳಚಿಲಕ ಸಿಕ್ಕಿಕೊಂಡಿತು.

“ತಮಾ, ಚಿಲಕ ಬತ್ತಿಲ್ಲೆ!” ಎಂದು ಮಗನನ್ನು ಕೂಗಿದರು. ಗಾಬರಿಗೆ ಒಲೆಗೆ ನೀರು ಹೊಯ್ದರು. ಹೊಗೆ ಇನ್ನಷ್ಟು ಎದ್ದು ಬಾಗಿಲ ಸಂದಿಯಿಂದ ಹೊರಗೆ ಬಂತು. ಒಳಗೆ ಒಂದೇ ಸಮನೆ ಕೆಮ್ಮು.

ನಾನು ಬಾಗಿಲಿಗೆ ಭುಜ ಕೊಟ್ಟೆ. ಜಗ್ಗಲಿಲ್ಲ. ಚಮ್ಮಟಿಗೆ ತನ್ನಿ ಎಂದು ಕಿರುಚಿದೆ.

“ಪೂಜೆಗೆ ಇಟ್ಟಿದ್ದು ಮಾರಾಯ್ತಿ, ಮುಟ್ಲಾಗ. ತಡಿ, ಭಟ್ಟರ ಹತ್ರ ಕೇಳ್ತೆ.”

ಭಟ್ಟರ ಹತ್ತಿರ ಕೇಳುತ್ತಾರಂತೆ! ಹೊಗೆಯಲ್ಲಿ ಸಿಕ್ಕಿಬಿದ್ದಿರುವುದು ಹೆತ್ತ ತಾಯಿ, ಇವರು ಫೋನು ಹಿಡಿದು ಅಂಗಳದಲ್ಲಿ ಸಿಗ್ನಲ್ ಹುಡುಕುತ್ತಿದ್ದಾರೆ. ಭಟ್ಟರು ಎತ್ತಲಿಲ್ಲ. ಆ ದಿನ ಊರಿನ ಲಾರಿ, ಬೋಟುಗಳೆಲ್ಲ ಅವರನ್ನೇ ಕಾಯುತ್ತಿರುತ್ತವೆ. ಅಷ್ಟರಲ್ಲಿ ಒಳಗೆ ಕೆಮ್ಮು ನಿಂತುಹೋಯಿತು.

ಓಡಿಹೋಗಿ ಚಮ್ಮಟಿಗೆ ಎತ್ತಿದೆ. ಹೂವು ಎಲ್ಲಿ ಬಿತ್ತೋ ನೋಡಲಿಲ್ಲ. ಮೂಲೆಗೆ ಸರಿಯಿರಿ ಎಂದು ಅತ್ತೆಗೆ ಕೂಗಿ, ಚಿಲಕವಿರುವ ಜಾಗಕ್ಕೆ ಬೀಸಿದೆ. ಹಿಂದಿನಿಂದ ಇವರ ದನಿ ಬಂತು: “ಅದಲ್ದೇ! ಅದು ಕಲ್ಲಿಗೆ! ಬಾಗ್ಲಿಗೆ ಬೇರೆ ಇದ್ದು!”

ಥೂ, ಇದೂ ಒಂದು ಗಂಡಸುತನವೇ! ನಾನು ಬೀಸುತ್ತಲೇ ಹೋದೆ. ಹಲಗೆ ಸೀಳಿ ಚಿಲಕ ಕಿತ್ತುಬಂತು. ಅತ್ತೆ ಒದ್ದೆ ಸೀರೆಯನ್ನು ಬಾಯಿಗೊತ್ತಿಕೊಂಡು ನೆಲದಲ್ಲಿ ಕುಸಿದಿದ್ದರು. ಜಗಲಿಗೆ ತಂದು ಕೂರಿಸಿ ದಮ್ಮಿನ ಪಂಪು ಬಾಯಿಗಿಟ್ಟೆ. ಉಸಿರು ಮರಳಿದ ಮೇಲೆ ಮಗರಾಯರು ಹತ್ತಿರ ಬಂದು, “ಆಯಿ, ದೇವ್ರಿಗೊಂದು ತಪ್ಪುಕಾಣಿಕೆ ತೆಗ್ದಿಡವು,” ಎಂದರು. ಅತ್ತೆ ಮುಖವೆತ್ತದೆ, “ಆತು,” ಎಂದರು.

ಆಚಾರಿ ಬಂದು ಹೊಸ ಬಾಗಿಲು, ಹೊಸ ಸ್ಟೀಲಿನ ಚಿಲಕ ಹಾಕಿದರು. ಇವರು ಪಕ್ಕದಲ್ಲಿ ನಿಂತು ಯಾವ ಸುತ್ತಿಗೆ ಹಿಡಿಯಬೇಕೆಂದು ಅವರಿಗೂ ಪಾಠ ಹೇಳಿದರು. ಚಿಲಕವೇನೋ ಬೆರಳು ತಾಗಿದರೆ ಸರಿಯುತ್ತದೆ. ಮೊನ್ನೆ ನಾನು ಕುಮಟೆಗೆ ಹೋದವಳು ಬೇಗ ಮರಳಿದೆ. ಇವರು ಜಗಲಿಯಲ್ಲೇ ಕುಳಿತಿದ್ದರು. ಸೆರಗು ಜಾರಿದರೂ ನಾಚುವ ಅತ್ತೆ, ಬಚ್ಚಲ ಬಾಗಿಲಿಗೆ ಚಿಲಕ ಹಾಕದೆ, ಒಳಗಿನಿಂದ ಬರೀ ಒಂದು ಬಿಂದಿಗೆ ಒತ್ತಿಟ್ಟುಕೊಂಡು ಮೀಯುತ್ತಿದ್ದರು. ಹೊರಗೆ ಬಂದ ಮೇಲೆ, ಎಂತಕ್ಕೆ ಚಿಲಕ ಹಾಕಲಿಲ್ಲ ಎಂದು ಕೇಳಿದೆ.

“ನೀ ಮನೇಲಿ ಇದ್ದಿದ್ದಿಲ್ಲೆ ಅಲ್ದನೇ, ಕೂಸೆ,” ಎಂದರು.